ನಿಂಬೆಹಣ್ಣು ಮತ್ತು ಚಕ್ರದ ಸರಪಳಿ

ಹಿಮಾಲಯದ ಘಾಟಿ ಹತ್ತುತ್ತಿದ್ದ ಹೊಸಪೇಟೆಯ ಲಾರಿಯೊಂದರ ಬಂಪರಿನಲ್ಲಿ ನಿಂಬೆಹಣ್ಣು ಠೀವಿಯಿಂದ ತೂಗುತ್ತಿತ್ತು. ಹಿಮದಲ್ಲಿ ಚಕ್ರ ಜಾರದಂತೆ ಸುತ್ತುವ ಸರಪಳಿ ಮಾತ್ರ ಸೀಟಿನಡಿ ಬಿದ್ದಿತ್ತು. ಡ್ರೈವರ್ ಕೊಟ್ರೇಶಿ ಅದನ್ನು ಕೊಂಡದ್ದೇ ಚೆಕ್‌ಪೋಸ್ಟಿನವರಿಗೆ ತೋರಿಸಲು.

“ಮಧ್ಯಾಹ್ನ ಹಿಮ ಬೀಳಲಿದೆ. ಚಕ್ರಕ್ಕೆ ಸರಪಳಿ ಇಲ್ಲದೆ ಯಾರೂ ಘಾಟಿ ಹತ್ತಬೇಡಿ,” ಎಂದಿತು ರೇಡಿಯೊ. ಕೊಟ್ರೇಶಿ ಅದರ ಬಾಯಿ ಮುಚ್ಚಿಸಿ ಹಾಡು ಹಾಕಿಕೊಂಡ.

“ಇನ್ನಾದರೂ ನನ್ನನ್ನು ಹೊರಗೆ ತೆಗೆಯಬಾರದೇ?” ಎಂದಿತು ಸರಪಳಿ.

“ಯಾಕೆ? ಮುಂದೆ ನಾನಿದ್ದೇನೆ,” ಎಂದಿತು ನಿಂಬೆಹಣ್ಣು. “ಯಾರ ಕೆಟ್ಟ ಕಣ್ಣೂ ಈ ಲಾರಿಗೆ ತಾಗುವುದಿಲ್ಲ.”

“ಹಿಮಕ್ಕೆ ಕಣ್ಣಿಲ್ಲ ಸ್ವಾಮಿ.”

ಹಿಮ ಸುರಿಯಿತು. ಮೂರನೇ ತಿರುವಿನಲ್ಲಿ ಲಾರಿ ಜಾರಿ, ಪ್ರಪಾತದ ಅಂಚಿನ ಕಲ್ಲಿಗೆ ಗುದ್ದಿ ನಿಂತಿತು. ಕೊಟ್ರೇಶಿ ಇಳಿದು ನೋಡಿದ. ನಿಂಬೆಹಣ್ಣಿನ ದಾರ ಸಡಿಲವಾಗಿತ್ತು.

“ಅದಕ್ಕೇ ಜಾರಿದ್ದು!” ಎಂದು ಹಣೆ ಚಚ್ಚಿಕೊಂಡವನು ಸೀಟಿನಡಿಯ ಸರಪಳಿಯನ್ನು ಹೊರಗೆಳೆದ. ನಿಂಬೆಹಣ್ಣನ್ನು ಅದರಿಂದಲೇ ಬಂಪರಿಗೆ ಬಿಗಿಯಾಗಿ ಕಟ್ಟಿದ.

“ಅಂತೂ ನಿನಗೂ ಒಂದು ಕೆಲಸ ಸಿಕ್ಕಿತಲ್ಲ,” ಎಂದಿತು ನಿಂಬೆಹಣ್ಣು.

ಲಾರಿ ಹೊರಟಿತು. ಮುಂದೆ ಇನ್ನೂ ಹದಿನಾಲ್ಕು ತಿರುವುಗಳಿದ್ದವು.