ಚಿಲುಮೆಯ ಕೆಳಗಿನ ಊರು

ಬೆಳಗಾವಿಯಲ್ಲಿ ಸುನಂದಾ ಮೆಳವಂಕಿ ಎಂಬ ಇಂಜಿನಿಯರ್ ಇದ್ದರು. ನಗರದ ನೀರು ಸರಬರಾಜಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಯಾವ ಓಣಿಯಲ್ಲಿ ಯಾವ ಪೈಪು ಎಷ್ಟು ಆಳದಲ್ಲಿದೆ ಎಂದು ನಕ್ಷೆ ನೋಡದೆ ಹೇಳಬಲ್ಲವರು. ನಿವೃತ್ತಿಯಾದ ಮೇಲೆ ಅವರಿಗೊಂದು ಆಸೆ ಹುಟ್ಟಿತು. ನೀರಿಗಾಗಿ ಕಷ್ಟಪಡುವ ಯಾವುದಾದರೂ ಊರಿಗೆ ಹೋಗಿ, ಕಲಿತ ವಿದ್ಯೆಯನ್ನು ಪುಕ್ಕಟೆಯಾಗಿ ಕೊಟ್ಟು ಬರಬೇಕು.

ಅಂಥ ಊರು ಸಿಕ್ಕಿದ್ದು ನೇಪಾಳದಲ್ಲಿ. ಹೆಸರು ಕಾಫಲ್‌ದಾಂಡಾ. ಗುಡ್ಡದ ಹೆಗಲ ಮೇಲೆ ಅರವತ್ತು ಮನೆ. ಅಲ್ಲಿಗೆ ಚಾರಣಕ್ಕೆ ಹೋಗಿದ್ದ ಗೆಳತಿಯೊಬ್ಬರ ಕೈಯಲ್ಲಿ ಆ ಊರಿನ ಶಾಲೆಯ ಮಾಸ್ತರರು ಒಂದು ಪತ್ರ ಕೊಟ್ಟು ಕಳಿಸಿದ್ದರು. ಅವರ ಹೆಸರು ಫುರ್ಬಾ ತಮಾಂಗ್. "ಮೇಲಿನ ಕಾಡಿನಲ್ಲಿ ಒಂದು ಚಿಲುಮೆಯಿದೆ. ನಮ್ಮ ಹೆಂಗಸರು ದಿನಕ್ಕೆರಡು ಸಲ ಒಂದು ತಾಸು ನಡೆದು ಅಲ್ಲಿಂದ ನೀರು ಹೊತ್ತು ತರುತ್ತಾರೆ. ಆ ನೀರನ್ನು ಪೈಪಿನಲ್ಲಿ ಊರಿಗೆ ತರಲು ನಮಗೆ ಬರುವುದಿಲ್ಲ" ಎಂದು ಅವರು ಬರೆದಿದ್ದರು.

ಸುನಂದಾ ನಾಲ್ವರು ಗೆಳೆಯರನ್ನು ಕೂಡಿಸಿದರು. ಅವರಲ್ಲಿ ಒಬ್ಬರು ಯಾಕೂಬ್, ಮೊದಲಿನಿಂದಲೂ ಅವರ ಕೈಕೆಳಗೆ ದುಡಿದ ಫಿಟ್ಟರ್. ಒಂದು ವರ್ಷ ಪ್ರತಿ ಭಾನುವಾರ ಸುನಂದಾ ಅವರ ಊಟದ ಮೇಜಿನ ಮೇಲೆ ನಕ್ಷೆಗಳು ಹರಡಿಕೊಂಡವು. ಆಮೇಲೆ ಏಪ್ರಿಲ್ ತಿಂಗಳಲ್ಲಿ ಒಂದು ವಾರದ ಮಟ್ಟಿಗೆ ಎಲ್ಲರೂ ಸ್ಥಳ ನೋಡಲು ಹೋದರು.

ಸುನಂದಾ ದುಡುಕಿನ ಹೆಂಗಸಲ್ಲ. ಊರಿನ ಮನೆಮನೆಗೂ ಹೋದರು. ನಳ ಎಲ್ಲಿ ಬೇಕು ಎಂದು ಗಂಡಸರನ್ನು ಬಿಟ್ಟು ಹೆಂಗಸರನ್ನೇ ಕೇಳಿದರು. ಶಾಲೆಯ ಅಂಗಳದಲ್ಲಿ ಬೂದಿಯಿಂದ ಊರಿನ ನಕ್ಷೆ ಬರೆಸಿದರು. ಎಲ್ಲರನ್ನೂ ಕೇಳಿದ್ದೇನೆ ಎಂಬ ಸಮಾಧಾನ ಅವರಿಗಿತ್ತು.

ಆರನೆಯ ದಿನ ಮಧ್ಯಾಹ್ನ ಅವರು ಚಿಲುಮೆಯ ಬಳಿ ಇದ್ದರು. ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಗಡಿಯಾರ ಹಿಡಿದು ಅಳೆಯುತ್ತಿದ್ದರು. ಬಿರುಬೇಸಿಗೆಯಲ್ಲೂ ಅರವತ್ತು ಮನೆಗೆ ಸಾಲುವಷ್ಟು ನೀರಿತ್ತು. ಅಷ್ಟರಲ್ಲಿ ಕೆಳಗಿನ ಕಾಲುದಾರಿಯಿಂದ ಒಬ್ಬ ಅಜ್ಜಿ ಏದುಸಿರು ಬಿಡುತ್ತ ಹತ್ತಿ ಬಂದರು. ಒಂದು ಕಲ್ಲಿನ ಮೇಲೆ ಕುಳಿತು ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. ಆಮೇಲೆ ಹರಕುಮುರುಕು ಹಿಂದಿಯಲ್ಲಿ ಹೇಳಿದರು:

"ತಂಗಿ, ಒಂದು ಮಾತು ಹೇಳುವುದಿತ್ತು."

ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಇನ್ನೂ ನಾಲ್ಕು ಅಳತೆ ಬಾಕಿ ಇದ್ದವು. ದುಭಾಷಿಯಾಗಿದ್ದ ಮಾಸ್ತರರೂ ಅಲ್ಲಿರಲಿಲ್ಲ.

"ಅಕ್ಕಾ, ಈಗ ಕೈಯಲ್ಲಿ ಕೆಲಸವಿದೆ" ಎಂದರು ಸುನಂದಾ. "ನಾಳೆ ಬೆಳಿಗ್ಗೆ ಶಾಲೆಯ ಹತ್ತಿರ ಬನ್ನಿ. ಕೂತು ಮಾತಾಡೋಣ."

"ಆಗಲಿ" ಎಂದರು ಅಜ್ಜಿ. ಇನ್ನಷ್ಟು ಹೊತ್ತು ಅಲ್ಲೇ ಕುಳಿತು ನೀರನ್ನೇ ನೋಡುತ್ತಿದ್ದು, ಬಂದ ದಾರಿಯಲ್ಲೇ ಇಳಿದು ಹೋದರು.

ಮರುದಿನ ಬೆಳಗಾಗುವಾಗ ಮಳೆ ಹಿಡಿದಿತ್ತು. ಅವರನ್ನು ವಾಪಸು ಕರೆದೊಯ್ಯಲು ಮಧ್ಯಾಹ್ನ ಬರಬೇಕಿದ್ದ ಜೀಪು ಏಳು ಗಂಟೆಗೇ ಬಂತು. ದಾರಿಯಲ್ಲಿ ಮಣ್ಣು ಕುಸಿಯುವ ಭಯವಿದೆ ಎಂದ ಚಾಲಕ. ಬೇಕಿದ್ದರೆ ಒಂದು ಗಂಟೆ ಕಾಯಬಹುದು, ಅದಕ್ಕಿಂತ ಹೆಚ್ಚು ಆಗದು ಎಂದೂ ಹೇಳಿದ.

ಸಾಮಾನು ಏರಿಸುತ್ತಿದ್ದ ಯಾಕೂಬ್ ನಿಂತು ಕೇಳಿದರು. "ಮೇಡಂ, ನಿನ್ನೆ ಆ ಹಿರಿಯಾಕಿ ಬರ್ತೇನಿ ಅಂದಾಳಲ್ರಿ. ಒಂದ್ ತಾಸು ನಿಂದ್ರೂಣೇನ್ರಿ?"

ಸುನಂದಾ ಕೆಳಗಿನ ಕಾಲುದಾರಿಯತ್ತ ನೋಡಿದರು. ಮಂಜಿನಲ್ಲಿ ಯಾರೂ ಕಾಣಲಿಲ್ಲ. ಇಂಥ ಮಳೆಯಲ್ಲಿ ಆ ವಯಸ್ಸಿನವರು ಎಲ್ಲಿ ಬರುತ್ತಾರೆ ಎನಿಸಿತು. "ದಾರಿ ಬಂದ್ ಆದ್ರ ವಿಮಾನ ತಪ್ಪತದ, ಯಾಕೂಬಣ್ಣ. ಏನಿದ್ರೂ ಮಾಸ್ತರು ಕೇಳಿ ಹೇಳ್ತಾರ ಬಿಡ್ರಿ" ಎಂದು ಜೀಪು ಹತ್ತಿದರು.

ಬೀಳ್ಕೊಡಲು ಬಂದಿದ್ದ ಫುರ್ಬಾ ಮಾಸ್ತರರನ್ನು ಆ ಅಜ್ಜಿ ಯಾರೆಂದು ಕೇಳಿದರು. "ಕೆಳಗಿನ ಸಿಮಲ್‌ಟಾರಿನವರು ಇರಬೇಕು. ಅವರ ಊರು ಬೇರೆ, ನಮ್ಮ ಯೋಜನೆಗೆ ಸೇರಿದ್ದಲ್ಲ" ಎಂದರು ಮಾಸ್ತರರು. ಸುನಂದಾ ಮತ್ತೆ ಕೇಳಲಿಲ್ಲ. ಬೆಳಗಾವಿಗೆ ಬಂದ ಮೇಲೆ ಅಜ್ಜಿಯ ನೆನಪು ಒಂದೆರಡು ಸಲ ಬಂತು. ಆಮೇಲೆ ಅದೂ ಇಲ್ಲ.

ಆ ಚಳಿಗಾಲದಲ್ಲಿ ಕೆಲಸ ನಡೆಯಿತು. ಊರಿನವರು ಪೈಪುಗಳನ್ನು ಬೆನ್ನ ಮೇಲೆ ಹೊತ್ತು ಕಡಿದಾದ ಗುಡ್ಡ ಏರಿದರು. ಚಿಲುಮೆಗೆ ಕಲ್ಲಿನ ತೊಟ್ಟಿ ಕಟ್ಟಿ, ಒಂದು ಹನಿಯೂ ಹೊರಗೆ ಸೋರದಂತೆ ಮಾಡಿದರು. ಮೊದಲ ನಳದಲ್ಲಿ ನೀರು ಬಂದ ದಿನ ಹೆಂಗಸರು ಒಬ್ಬರಿಗೊಬ್ಬರು ಎರಚಿಕೊಂಡು ನಕ್ಕರು. ಯಾಕೂಬ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಬೆಳಗಾವಿಗೆ ಮರಳಿದ ಮೇಲೆ ಸುನಂದಾ ಅವರಿಗೆ ಶಾಲು ಹೊದಿಸಿ ಸನ್ಮಾನವೂ ಆಯಿತು.

ಏಪ್ರಿಲ್ ಬಂತು. ಒಂದು ದಿನ ಫುರ್ಬಾ ಮಾಸ್ತರರ ಫೋನು.

"ಪೈಪನ್ನು ಮೂರು ಕಡೆ ಕತ್ತರಿಸಿದ್ದಾರೆ" ಎಂದರು. ದನಿ ಬಿದ್ದುಹೋಗಿತ್ತು. "ಕೆಳಗಿನ ಊರಿನವರು. ಅವರ ಒರತೆ ಪೂರ್ತಿ ಬತ್ತಿದೆಯಂತೆ. ಮಾತಿಗೆ ಮಾತು ಬೆಳೆದು ಹೊಡೆದಾಟವಾಯಿತು. ನಮ್ಮವನೊಬ್ಬನ ಕೈ ಮುರಿದಿದೆ. ಎರಡೂ ಊರಿನ ನಡುವೆ ಗೊತ್ತಾಗಿದ್ದ ಮದುವೆಯೊಂದು ಮುರಿದುಬಿತ್ತು."

ಸುನಂದಾ ಫೋನಿಟ್ಟು ನಕ್ಷೆ ತೆಗೆದರು. ನಕ್ಷೆಯಲ್ಲಿ ಚಿಲುಮೆಯಿಂದ ಕಾಫಲ್‌ದಾಂಡಾದವರೆಗೆ ನೀಲಿ ಗೆರೆ ಇತ್ತು. ಚಿಲುಮೆಯ ಕೆಳಗಿನ ಇಳಿಜಾರು ಖಾಲಿ ಕಾಗದ. ಅಲ್ಲಿ ಯಾರಿದ್ದಾರೆ ಎಂದು ಅವರು ಬರೆದೇ ಇರಲಿಲ್ಲ. ಹೆಂಗಸರು ಕೊಡದಲ್ಲಿ ಒಯ್ಯುತ್ತಿದ್ದ ನೀರು ಸ್ವಲ್ಪ. ಉಳಿದದ್ದೆಲ್ಲ ಹರಿದು, ನೆಲದಲ್ಲಿ ಇಂಗಿ, ಕೆಳಗೆಲ್ಲೋ ಯಾರದೋ ಒರತೆಯಾಗಿ ಏಳುತ್ತಿತ್ತು. ಮೊದಲ ವರ್ಷದ ಇಂಜಿನಿಯರಿಂಗ್ ಹುಡುಗರಿಗೂ ಹೊಳೆಯಬಹುದಾದ ವಿಷಯ.

ಮುಂದಿನ ವಾರವೇ ಅವರು ಯಾಕೂಬರನ್ನು ಕರೆದುಕೊಂಡು ಹೊರಟರು. ಈ ಸಲ ನೇರವಾಗಿ ಸಿಮಲ್‌ಟಾರಿಗೆ ಹೋದರು. ಇಪ್ಪತ್ತೆರಡು ಮನೆಯ ಊರು. ಆ ಅಜ್ಜಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೆಸರು ಸೂರ್ಯಮಾಯಾ. ಮುರಿದ ಮದುವೆ ಅವರ ಮೊಮ್ಮಗಳದ್ದು.

ಅಜ್ಜಿ ಬೈಯಲಿಲ್ಲ. ಚಾಪೆ ಹಾಸಿದರು. ದೂರದ ಹೊಳೆಯಿಂದ ಹೊತ್ತು ತಂದ ನೀರಿನಲ್ಲಿ ಚಹಾ ಮಾಡಿ ಕೊಟ್ಟರು.

"ಅಕ್ಕಾ, ಆ ದಿನ ನೀವು ಹೇಳಬೇಕೆಂದಿದ್ದು ಇದೇ ಅಲ್ಲವೇ?"

"ಇದೇ" ಎಂದರು ಸೂರ್ಯಮಾಯಾ. "ಮೇಲಿನ ಊರಿಗೆ ಒಯ್ಯಿರಿ, ಬೇಡ ಅನ್ನೋದಿಲ್ಲ, ನಮಗೂ ಸ್ವಲ್ಪ ಬಿಡಿ ಅಂತ. ಇಷ್ಟೇ ಮಾತು. ಅದು ನನ್ನ ತವರು, ತಂಗಿ; ನನ್ನ ತಮ್ಮ ಅಲ್ಲೇ ಇದ್ದಾನೆ. ಚಿಕ್ಕವಳಿದ್ದಾಗ ಅದೇ ಚಿಲುಮೆಯ ನೀರು ಹೊತ್ತವಳು ನಾನು. ಗಂಡಸರು ಹೋದರೆ ಜಗಳವಾದೀತು, ತವರಿನ ಮಗಳು ಹೇಳಿದರೆ ಕೇಳಿಯಾರು ಅಂತ ಇಲ್ಲಿನವರು ನನ್ನನ್ನು ಕಳಿಸಿದ್ದರು."

"ಆವತ್ತೇ ಹೇಳಿಬಿಡಬಹುದಿತ್ತಲ್ಲ?"

"ನೀವು ಗಡಿಯಾರ ನೋಡುತ್ತಿದ್ದಿರಿ. ನಮಗಾಗಿ ಅಷ್ಟು ದೂರದಿಂದ ಬಂದ ಅತಿಥಿ. ಕೆಲಸದ ನಡುವೆ ಬಾಯಿ ಹಾಕುವುದು ಹೇಗೆ ಅಂತ ಸುಮ್ಮನಾದೆ. ನಾಳೆ ಬನ್ನಿ ಅಂದಿರಿ."

ಅಜ್ಜಿ ಬಟ್ಟಲು ಕೆಳಗಿಟ್ಟರು.

"ನಾನು ಬಂದೆ, ತಂಗಿ. ನಸುಕಿನಲ್ಲೇ ಹೊರಟು ಮಳೆಯಲ್ಲಿ ಬಂದೆ. ಶಾಲೆ ಮುಟ್ಟಿದಾಗ ನಿಮ್ಮ ಜೀಪು ಕೆಳಗಿನ ತಿರುವಿನಲ್ಲಿ ಹೋಗುತ್ತಿತ್ತು. ಕೂಗಿದೆ. ಕೇಳಿಸಲಿಲ್ಲ ಅಂತ ಕಾಣುತ್ತೆ. ಆಮೇಲೆ ಮೇಲಿನವರಿಗೆ ಹೇಳಿದರೆ, ಇಂಜಿನಿಯರರು ಎಲ್ಲ ಅಳೆದಿದ್ದಾರೆ ಅಂದರು."

ಯಾಕೂಬ್ ತಲೆ ತಗ್ಗಿಸಿದರು.

ಆಮೇಲೆ ಮಾಡಬಹುದಾದದ್ದನ್ನೆಲ್ಲ ಮಾಡಿದರು. ಎರಡೂ ಊರಿನವರನ್ನು ಚಿಲುಮೆಯ ಬಳಿಯೇ ಕೂಡಿಸಲು ಐದು ತಿಂಗಳು ಹಿಡಿಯಿತು. ಮೊದಲ ಸಲ ಯಾರೂ ಬರಲಿಲ್ಲ. ಎರಡನೆಯ ಸಲ ಬಂದವರು ಬೆನ್ನು ತಿರುಗಿಸಿ ಕುಳಿತರು. ಕೊನೆಗೆ ತೊಟ್ಟಿಗೆ ಎರಡು ಬಾಯಿ ಇಡುವುದೆಂದಾಯಿತು. ಒಂದು ಮೇಲಿನ ಊರಿಗೆ, ಒಂದು ಕೆಳಗಿನ ಊರಿಗೆ. ಬೇಸಿಗೆಯಲ್ಲಿ ಕಾಫಲ್‌ದಾಂಡಾದ ನಳಗಳು ಅರ್ಧ ದಿನ ಮಾತ್ರ. ಹಾಗೆಯೇ ಕಟ್ಟಿದರು. ಎರಡೂ ಊರಿಗೆ ನೀರು ಸಿಕ್ಕಿತು.

ಆದರೆ ಮೊಮ್ಮಗಳನ್ನು ಅಷ್ಟರಲ್ಲಿ ದೂರದ ಊರಿಗೆ ಕೊಟ್ಟಾಗಿತ್ತು. ಕೈ ಮುರಿದಿದ್ದವನಿಗೆ ಮತ್ತೆ ಹೊರೆ ಎತ್ತಲಾಗಲಿಲ್ಲ. ತೊಟ್ಟಿಯ ಬಳಿ ಎರಡೂ ಊರಿನವರು ಎದುರಾದರೆ ಮಾತಿಲ್ಲದೆ ಪಕ್ಕಕ್ಕೆ ಸರಿಯುತ್ತಿದ್ದರು.

ಹೊರಡುವ ದಿನ ಸುನಂದಾ ಸೂರ್ಯಮಾಯಾ ಅವರನ್ನು ಕಂಡು, "ಅಕ್ಕಾ, ನನ್ನ ಜೊತೆ ಮೇಲಿನವರೆಗೆ ಬನ್ನಿ. ನಿಮ್ಮ ತಮ್ಮನ ಮನೆಗೆ ಹೋಗಿ ಬರೋಣ" ಎಂದು ಕರೆದರು.

ಅಜ್ಜಿ ಬಾಗಿಲಲ್ಲೇ ನಿಂತಿದ್ದರು.

"ನೀರು ಬಂತಲ್ಲ, ಸಾಕು" ಎಂದರು. "ಜಗಳದ ದಿನ ನನ್ನ ತಮ್ಮನೇ, ಇನ್ನು ಈ ಕಡೆ ಬರಬೇಡ ಅಂದ. ನೀವು ಹೋಗಿ ಬನ್ನಿ, ತಂಗಿ. ಕತ್ತಲಾಗುವ ಮೊದಲು ಗುಡ್ಡ ದಾಟಿ."

ಸುನಂದಾ ಒಬ್ಬರೇ ಗುಡ್ಡ ಹತ್ತಿದರು. ಅರ್ಧ ದಾರಿಯಲ್ಲಿ ನಿಂತು ತಿರುಗಿ ನೋಡಿದರು. ಅಜ್ಜಿ ಇನ್ನೂ ಬಾಗಿಲಲ್ಲೇ ಇದ್ದರು.

ನೀತಿ: ಒಂದು ಊರಿಗೆ ಒಳ್ಳೆಯದು ಮಾಡಲು ಹೊರಟವರು ಆ ಊರಿನವರನ್ನು ಕೇಳಿದರಷ್ಟೇ ಸಾಲದು. ಆ ಒಳ್ಳೆಯದರಿಂದ ಯಾರ ಪಾಲು ತಪ್ಪುತ್ತದೆ ಎಂದು ಹುಡುಕಿಕೊಂಡು ಹೋಗಿ ಕೇಳಬೇಕು. ಹೇಳಲೆಂದು ತಾವಾಗಿಯೇ ನಡೆದು ಬಂದವರನ್ನಂತೂ ನಾಳೆ ಬನ್ನಿ ಎನ್ನಬಾರದು. ತಪ್ಪಾಗಿ ಕಟ್ಟಿದ ತೊಟ್ಟಿಯನ್ನು ತಿದ್ದಬಹುದು. ಮುರಿದ ನಂಟನ್ನು ಯಾವ ಇಂಜಿನಿಯರೂ ತಿದ್ದಲಾರರು.