ಎರಡು ಸಾಲಿನ ನಡುವೆ

"ತಾಯಿ, ಕ್ಷಮಿಸುವುದೇ ದೊಡ್ಡ ಗುಣ ಎನ್ನುತ್ತಾರೆ. ಯುದ್ಧ ಮುಗಿದು ಏಳು ವರ್ಷವಾಯಿತು. ಈ ಜನ ಯಾಕೆ ಇನ್ನೂ ಹಳೆಯ ಗಾಯ ಕೆದಕುತ್ತಾರೆ?" ಎಂದು ಶಿಷ್ಯ ಕೇಳಿದ. ಆಶ್ರಮ ಸೇರುವ ಮೊದಲು ಅವನು ಆ ಯುದ್ಧದಲ್ಲಿ ದಳವಾಯಿಯ ಹಿಂದೆ ಈಟಿ ಹಿಡಿದು ನಡೆದವನು.

ಗುರುತಾಯಿ ಅವನ ಮುಖವನ್ನೊಮ್ಮೆ ನೋಡಿ ಕತೆ ಹೇಳಿದರು.

ಅದೇ ನಾಡಿನಲ್ಲಿ ಒಬ್ಬಳು ಮಡಿವಾಳಗಿತ್ತಿ. ಅಣ್ಣ ತಮ್ಮ ಇಬ್ಬರು ಪಟ್ಟಕ್ಕಾಗಿ ಇಪ್ಪತ್ತು ವರ್ಷ ಕಾದಾಡುತ್ತಿದ್ದರೆ, ಅವಳ ಗಂಡ ಎರಡೂ ಕಡೆಯವರ ಬಟ್ಟೆ ಒಗೆಯುತ್ತಿದ್ದ. ನೆತ್ತರಿನ ಕಲೆಗೆ ಪಕ್ಷ ಯಾವುದು? ಒಂದು ದಿನ ಅಣ್ಣನ ದಳವಾಯಿ ಆಳುಗಳೊಡನೆ ಹೊಳೆಗೆ ಬಂದ. ಎರಡು ಮಾತು ಕೇಳಿ ಕಳಿಸುತ್ತೇವೆ ಎಂದು ಅವನನ್ನು ಕರೆದುಕೊಂಡು ಹೋದ. ಆ ಎರಡು ಮಾತು ಹದಿನಾಲ್ಕು ವರ್ಷವಾದರೂ ಮುಗಿಯಲಿಲ್ಲ.

ಅವಳು ಹತ್ತದ ಚಾವಡಿಯಿಲ್ಲ. ಯಾರೂ ನೋಡಿಲ್ಲ, ಯಾರಿಗೂ ಗೊತ್ತಿಲ್ಲ. ಇನ್ನೊಬ್ಬಳನ್ನು ಕಟ್ಟಿಕೊಂಡು ಓಡಿಹೋಗಿರಬೇಕು ಎಂದು ನಕ್ಕವರೂ ಇದ್ದರು. ಕುಂಕುಮ ಇಟ್ಟರೆ, ಯಾರಿಗೆ ಈ ಸಿಂಗಾರ ಎಂದು ನೆರೆಯವರು ಚುಚ್ಚುವರು. ಅಳಿಸಿದರೆ, ನನ್ನ ಮಗನನ್ನು ನೀನೇ ಸಾಯಿಸಿದೆಯಲ್ಲೇ ಎಂದು ಅತ್ತೆ ಅಳುವಳು.

ಅವನು ಹೋದ ಹದಿನಾಲ್ಕನೆಯ ವರ್ಷ ಅಣ್ಣ ತಮ್ಮ ರಾಜಿಯಾದರು. ನಾಡನ್ನು ಹೋಳಿಗೆಯಂತೆ ಹಂಚಿಕೊಂಡು ಒಂದೇ ಹರಿವಾಣದಲ್ಲಿ ಉಂಡರು. ಹಳೆಯದನ್ನು ಯಾರೂ ಎತ್ತಬಾರದು, ಗಾಯ ಮಾಯಬೇಕು ಎಂದು ಡಂಗುರ ಹೊಡೆಸಿದರು. ಅವಳ ಮನೆಯಲ್ಲಿ ಮಾಯವಾಗಿದ್ದದ್ದು ಗಾಯವಲ್ಲ, ಗಂಡ.

ಶಾಂತಿಯ ಹೆಸರಿನಲ್ಲಿ ಊರಿಗೆಲ್ಲ ಊಟ ಹಾಕಿಸಿದರು. ಹೆಂಗಸರಿಗೆ ಎರಡು ಸಾಲು. ಮುತ್ತೈದೆಯರಿಗೆ ಬಾಗಿನ, ಗಂಡ ಸತ್ತವರಿಗೆ ಬಿಳಿ ಸೀರೆ. ಪಡೆದವರು, ಇನ್ನು ನಮ್ಮ ದೂರು ಏನೂ ಇಲ್ಲ ಎಂದು ಎಲೆಯ ಮುಂದೆ ಕೈಮುಗಿಯಬೇಕು. ಸೀರೆಗಳನ್ನು ತರಿಸಿದವನು ದಳವಾಯಿ. ಎಷ್ಟು ಬೇಕಾಗುತ್ತವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮಡಿವಾಳಗಿತ್ತಿ ಎರಡು ಸಾಲಿನ ನಡುವೆ ನಿಂತಳು. ಎಲ್ಲರೂ ಕೂರುವ ತನಕ ಬಡಿಸುವಂತಿಲ್ಲ. ಅನ್ನ ಆರುತ್ತಿತ್ತು. ದಳವಾಯಿಯೇ ಎದ್ದು ಬಂದ.

"ಯಾಕಮ್ಮಾ ನಿಂತೆ? ಆ ಕಡೆ ಹೋಗಿ ಕೂತುಕೋ" ಎಂದು ಬಿಳಿ ಸೀರೆಯ ಸಾಲು ತೋರಿಸಿದ.

"ನನ್ನ ಜಾಗ ಅದು ಅಂತ ನನಗೇ ಗೊತ್ತಿಲ್ಲ, ಧಣಿ. ನಿಮಗೆ ಹೇಗೆ ಗೊತ್ತಾಯಿತು?"

ದಳವಾಯಿಯ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅದೇ ಕೈ ಮುತ್ತೈದೆಯರ ಸಾಲಿನ ಕಡೆಗೆ ತಿರುಗಿತು.

"ಹಾಗಾದರೆ ನಮ್ಮ ಮನೆಯವರನ್ನು ಕರೆಸಿ. ಒಗೆದ ಪಂಚೆ ಮಡಿಸಿಟ್ಟು ಹದಿನಾಲ್ಕು ವರ್ಷವಾಯಿತು. ಉಟ್ಟುಕೊಂಡು ಊಟಕ್ಕೆ ಬರಲಿ."

ಬಿಳಿ ಸೀರೆಯ ಸಾಲಿನಿಂದ ಒಬ್ಬಳು ಎದ್ದಳು. ಅವಳಿಗೂ ಗಂಡನ ಹೆಣ ಸಿಕ್ಕಿರಲಿಲ್ಲ. ಕೊಟ್ಟ ಸೀರೆಯನ್ನು ಎಲೆಯ ಮೇಲಿಟ್ಟು ಬಂದು ಮಡಿವಾಳಗಿತ್ತಿಯ ಪಕ್ಕದಲ್ಲಿ ನಿಂತಳು. ಮತ್ತೊಬ್ಬಳು ಎದ್ದಳು. ಮುತ್ತೈದೆಯರ ಸಾಲಿನಿಂದ ಒಬ್ಬಳು ಬಾಗಿನ ಬಿಟ್ಟು ಬಂದಳು. ನೋಡನೋಡುತ್ತ ನಡುವೆ ಮೂರನೆಯ ಸಾಲಾಯಿತು. ಉಳಿದೆರಡಕ್ಕಿಂತ ಅದೇ ಉದ್ದವಾಯಿತು.

ಶಾಂತಿಗೆ ಅವಮಾನವಾಯಿತೆಂದು ದಳವಾಯಿ ಹಾರಾಡಿದ. ಬಟ್ಟೆ ಒಗೆಯುವವಳಿಗೆ ಇಷ್ಟು ಬಾಯಿಯೇ ಎಂದ. ಏನೇನೋ ಅಂದ, ಅವಳ ಗಂಡನೆಲ್ಲಿ ಎಂಬುದೊಂದನ್ನು ಹೇಳಲಿಲ್ಲ. ಹಿಂದೆ ಈಟಿ ಹಿಡಿದು ನಿಂತಿದ್ದವರೂ ಹೇಳಲಿಲ್ಲ. ಅವರೆಲ್ಲ ನೆಲ ನೋಡುತ್ತಿದ್ದರು.

ಗುರುತಾಯಿ ಅಲ್ಲಿಗೆ ನಿಲ್ಲಿಸಿದರು. ಶಿಷ್ಯನೂ ನೆಲ ನೋಡುತ್ತಿದ್ದ.

"ಕೊನೆಗೆ ಅವಳು ಯಾವ ಸಾಲಿನಲ್ಲಿ ಕೂತಳು, ತಾಯಿ?" ಎಂದು ತಲೆ ಎತ್ತದೆ ಕೇಳಿದ.

"ಇನ್ನೂ ನಿಂತೇ ಇದ್ದಾಳಪ್ಪ. ಅವನನ್ನು ಎಲ್ಲಿ ಹೂತಿರಿ, ನೀನು ಹೇಳು."