ಕೆನ್ನೆಯೊಳಗಿನ ಗುರುತು

ಚಂದನಾವತಿಯ ಅರಸ ಡಂಗುರ ಹೊಡೆಸಿದ: "ರಾಜಕುಮಾರಿ ಮದನಿಕೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆ ಹೋಗುತ್ತದೆ."

ಗಾಣಿಗರ ಮಾಚಯ್ಯ ಇದನ್ನು ಕೇಳಿ ಮೊದಲು ನೋಡಿದ್ದು ತಮ್ಮ ಚೌಡನ ಮುಖವನ್ನು. ಚೌಡ ಗಾಣದ ಕಟ್ಟೆಯ ಮೇಲೆ ಸಿಕ್ಕ ಕೂಸು, ಅಪ್ಪ ಎತ್ತಿಕೊಂಡು ಸಾಕಿದ್ದ. ಅಪ್ಪ ನಾಲಿಗೆಯಿಂದ ಲೊಟಕ್ಕನೆ ಹೊರಡಿಸುವ ಸದ್ದಿಗೆ ಗಾಣದ ಎತ್ತು ನಡೆಯುತ್ತಿತ್ತು. ಚೌಡನ ಸದ್ದಿಗೂ ನಡೆಯುತ್ತಿತ್ತು. ಮಾಚಯ್ಯನದಕ್ಕೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಎಣ್ಣೆಗೆ ಬಂದವರು "ಚೌಡನಿಗೆ ಅಪ್ಪನ ಬಾಯಿಯೇ ಬಂದಿದೆ" ಅಂದಾಗಲೆಲ್ಲ ಮಾಚಯ್ಯನ ಹೊಟ್ಟೆಯಲ್ಲಿ ಕಿಚ್ಚು.

ಹೋದ ವರ್ಷ ಅರಮನೆಯ ವೈದ್ಯೆ ಊರೂರು ತಿರುಗಿ, ಗಂಡಸರ ಕೆನ್ನೆಯೊಳಗೆ ಹತ್ತಿ ಒರೆಸಿ, ಡಿಎನ್‌ಎ ಪರೀಕ್ಷೆಯಿಂದ ಅವರ ತಂದೆ ಕಡೆಯ ವಂಶ ಹುಡುಕಿಕೊಟ್ಟಿದ್ದಳು. ಅಪ್ಪನ ಗುರುತಿಗೆ ಮಾಚಯ್ಯನದು ಹೊಂದಿತು, ಚೌಡನದು ಹೊಂದಲಿಲ್ಲ. ವೈದ್ಯೆ ಇನ್ನೂ ಏನೇನೋ ವಿವರಿಸುತ್ತಿದ್ದಳು. ಚೌಡ ಕೂತು ಕೇಳಿದ. ಮಾಚಯ್ಯ ಅಷ್ಟರಲ್ಲಿ ಬೀದಿಗಿಳಿದು ಸುದ್ದಿ ಹಂಚುತ್ತಿದ್ದ.

ಈಗ ಅರಮನೆಗೆ ಹೋಗಲು ಒಂಟೆತ್ತಿನ ಗಾಡಿ ಹೊಡೆಯುವುದಕ್ಕೂ ಚೌಡನೇ ಬೇಕಾಯಿತು.

"ನೀನು ಬಾಗಿಲಲ್ಲೇ ನಿಲ್ಲು."

"ಆಗಲಿ ಅಣ್ಣ."

ಮದನಿಕೆ ಕೇಳಿದಳು: "ತಂದೆ ಅದನ್ನು ಮಗನಿಗೆ ಕೊಡುತ್ತಾನೆ, ಕೊಟ್ಟರೂ ಅವನಲ್ಲಿ ಕಡಿಮೆಯಾಗುವುದಿಲ್ಲ. ಮಗಳಿಗೆ ಕೊಡಬೇಕೆಂದರೂ ಕೊಡಲಾರ. ಏನದು?"

"ಮನೆತನದ ಹೆಸರು," ಎಂದ ಮಂತ್ರಿಯ ಮಗ.

"ಅದು ನನಗೂ ಇದೆಯಲ್ಲ." ಕಾವಲಿನವರು ಅವನನ್ನು ಸೆರೆಮನೆಗೆ ಎಳೆದೊಯ್ದರು.

"ಮೀಸೆ," ಎಂದ ಸೇನಾಪತಿಯ ಮಗ.

"ನಿಮ್ಮಪ್ಪನಿಗೇ ಸರಿಯಾಗಿ ಬಂದಿಲ್ಲ, ನಿನಗೆಲ್ಲಿಂದ ಕೊಟ್ಟಾನು?" ಅವನೂ ಹೋದ.

ಮಾಚಯ್ಯ ಎದೆಯುಬ್ಬಿಸಿ ನಿಂತ. "ತಂದೆಯ ವೈ ವರ್ಣತಂತು, ವೈದ್ಯೆ ಹತ್ತಿಯಲ್ಲಿ ಹುಡುಕಿದ ಗುರುತು. ನನ್ನದು ಅಪ್ಪನದಕ್ಕೆ ಹೊಂದಿದೆ." ಹೇಳುವಾಗ ಬಾಗಿಲ ಕಡೆ ನೋಡಲು ಮರೆಯಲಿಲ್ಲ.

"ಸರಿ. ಒಬ್ಬ ಹೆಣ್ಣುಮಗಳಿಗೆ ತನ್ನ ತಂದೆ ಕಡೆಯ ವಂಶ ತಿಳಿಯಬೇಕು. ತಂದೆ ತೀರಿಕೊಂಡಿದ್ದಾನೆ, ಅಣ್ಣತಮ್ಮಂದಿರಿಲ್ಲ. ಅವಳು ಯಾರ ಬಾಯಿ ತೆರೆಸಬೇಕು?"

ಹೆಣ್ಣುಮಗುವಿನ ಕಿವಿ ಚುಚ್ಚುವಾಗ, ಮದುವೆ ಮಾಡುವಾಗ ಮೊದಲು ಕರೆಯುವುದು ಯಾರನ್ನು? ಮಾಚಯ್ಯ ಯೋಚಿಸಲೂ ಇಲ್ಲ. "ಸೋದರಮಾವನದು."

"ಮಾವ ತಾಯಿಯ ತವರಿನವನು. ಅವನಲ್ಲಿರುವುದು ಆ ಮನೆಯ ಗುರುತು." ಮಾಚಯ್ಯನ ಕೈಗೆ ಹಗ್ಗ ಬಿತ್ತು.

ಆಗ ಬಾಗಿಲ ಕಡೆಯಿಂದ ಚೌಡನ ದನಿ: "ಚಿಕ್ಕಪ್ಪನದು, ಅಮ್ಮಣ್ಣಿ. ಅವನೂ ಇಲ್ಲದಿದ್ದರೆ ಅವನ ಮಗನದು. ಅಜ್ಜನ ಗುರುತೇ ಅವರಲ್ಲೂ ಇಳಿದುಬಂದಿರುತ್ತದೆ."

ತಲೆ ಹೋಗುವ ಹೊತ್ತಿನಲ್ಲೂ ಮಾಚಯ್ಯನಿಗೆ ಮೊದಲು ಉರಿದದ್ದು ಅದೇ: ಇಲ್ಲೂ ಇವನೇ ಮುಂದೆ ಬಂದನಲ್ಲ.

"ಮುಂದೆ ಬಾ," ಎಂದಳು ಮದನಿಕೆ. "ಇನ್ನು ನಿನ್ನ ತಲೆಯೂ ಪಣಕ್ಕಿದೆ. ಒಂದು ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಒಬ್ಬನ ಗುರುತು ತಂದೆಯದಕ್ಕೆ ಹೊಂದುತ್ತದೆ, ಇನ್ನೊಬ್ಬನದು ಹೊಂದುವುದಿಲ್ಲ. ಮಗ ಯಾರು?"

ಮಾಚಯ್ಯ ಕಿವಿ ನಿಮಿರಿಸಿದ. ಸಾಯುವ ಮೊದಲು ಅದೊಂದನ್ನು ಇವನ ಬಾಯಿಂದಲೇ ಕೇಳಬೇಕಿತ್ತು.

"ಇಬ್ಬರೂ," ಎಂದ ಚೌಡ. "ಹೊಂದದವನು ನಾನೇ. ಹತ್ತಿ ನನ್ನ ಬಾಯಲ್ಲಿ ಹುಡುಕಿದ್ದು ಹುಟ್ಟಿಸಿದವನನ್ನು. ಸಾಕಿದವನೂ ಇದೇ ಬಾಯಲ್ಲಿದ್ದಾನೆ." ಹಾಗೆಂದು ಲೊಟಕ್ಕನೆ ಸದ್ದು ಮಾಡಿದ. ಅಂಗಳದಲ್ಲಿ ನಿಂತಿದ್ದ ಎತ್ತು ಗಾಡಿ ಸಮೇತ ಮೆಟ್ಟಿಲ ತನಕ ಬಂದು ಒಳಗೆ ಇಣುಕಿತು.

ಮದನಿಕೆ ನಕ್ಕುಬಿಟ್ಟಳು. "ಮೊದಲನೆಯದು ನಿಮ್ಮ ಮನೆಯಿಂದಲೇ ಬಂತು, ಉಳಿದೆರಡನ್ನೂ ನೀನು ಬಿಡಿಸಿದೆ," ಎಂದ ಅರಸ. "ಅರ್ಧ ರಾಜ್ಯ ನಿನ್ನದು, ಮಗಳೂ ಒಪ್ಪಿದ್ದಾಳೆ. ಇನ್ನೇನು ಬೇಕು?"

"ಅಣ್ಣನನ್ನು ಬಿಟ್ಟು ಮನೆಗೆ ಹೋದರೆ ಅಪ್ಪನಿಗೆ ಏನು ಹೇಳಲಿ, ಬುದ್ಧಿ? ಅವನನ್ನು ಬಿಡಿ. ಆ ಇಬ್ಬರನ್ನೂ ಬಿಡಿ."

ಅಪ್ಪನನ್ನು ಮದುವೆಗೆ ಕರೆತರಲು ಅಣ್ಣತಮ್ಮ ಹೊರಟರು. ಹಳ್ಳದ ದಂಡೆಯಲ್ಲಿ ಎತ್ತು ನೀರು ಕುಡಿದು ನಿಂತಿತು. ಮಾಚಯ್ಯ ಹಗ್ಗದ ಬರೆ ಸವರುತ್ತ ಕೇಳಿದ: "ಆ ಸದ್ದನ್ನು ಅಪ್ಪ ನಿನಗೆ ಮಾತ್ರ ಯಾಕೆ ಕಲಿಸಿದ?"

"ನಾನು ಕೇಳಿದೆ, ಕಲಿಸಿದ. ನೀನು ಯಾವತ್ತು ಕೇಳಿದೆ? ಹುಟ್ಟಿನಿಂದಲೇ ಬರುತ್ತೆ ಅಂದುಕೊಂಡೆಯೇನೋ." ಚೌಡ ಹತ್ತಿರ ಸರಿದ. "ನಾಲಿಗೆಯನ್ನು ಅಂಗುಳಿಗೆ ಒತ್ತು. ಹೂಂ. ಈಗ ಬಿಡು."

ಮಾಚಯ್ಯ ಒತ್ತಿ ಬಿಟ್ಟ. ಎತ್ತು ನಡೆಯಲಿಲ್ಲ. ಆದರೆ ಅದರ ಒಂದು ಕಿವಿ ಅವನ ಕಡೆ ತಿರುಗಿತು.